ಡಿಜಿಟಲ್ ಆರ್ಟ್ ಪೋರ್ಟ್‌ಫೋಲಿಯೊ ಸೈಟ್: ಎಷ್ಟು ಕೆಲಸ ಇಡಬೇಕು, ಬಣ್ಣ ಯಾಕೆ ಸಪ್ಪೆಯಾಗುತ್ತೆ?

ನೀಲಿಪದರ:

ಎಲ್ಲರಿಗೂ ನಮಸ್ಕಾರ. ಡಿಜಿಟಲ್ ಆರ್ಟ್ ಪದವಿಯ ಕೊನೇ ವರ್ಷ, ಸ್ವಂತ ಪೋರ್ಟ್‌ಫೋಲಿಯೊ ಸೈಟ್ ಕಟ್ಟಬೇಕು. ಮೊದಲ ಆಸೆ ಗೇಮ್ ಸ್ಟುಡಿಯೊದಲ್ಲಿ 2ಡಿ ಕಾನ್ಸೆಪ್ಟ್ ಆರ್ಟ್ (ಗೇಮ್‌ನ ಪಾತ್ರ, ವಸ್ತು, ಜಾಗ ಹೇಗಿರಬೇಕು ಅಂತ ಮೊದಲೇ ಚಿತ್ರದಲ್ಲಿ ರೂಪಿಸೋ ಕೆಲಸ) ಇಂಟರ್ನ್‌ಶಿಪ್. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯೋ ಕೆಲಸ ಸಿಕ್ಕರೂ ಬೇಡ ಅನ್ನಲ್ಲ. ಕೈಯಲ್ಲಿ 40 ಕೆಲಸ ಇವೆ. ಹೆಚ್ಚಿನವು ಪ್ರೊಕ್ರಿಯೇಟ್, ಕ್ರಿಟಾ ಅನ್ನೋ ಚಿತ್ರ ಬಿಡಿಸೋ ಆ್ಯಪ್‌ಗಳಲ್ಲಿ ಮಾಡಿದ್ದು. ಮೂರ್ನಾಲ್ಕು ಬ್ಲೆಂಡರ್‌ನ 3ಡಿ ಮಾಡೆಲ್. ಎರಡು ಕನ್ನಡ ಅಕ್ಷರದ ಪೋಸ್ಟರ್. ಎಲ್ಲಾ ಪಿಎನ್‌ಜಿ, ಒಟ್ಟು 1 ಜಿಬಿ ಹತ್ತಿರ.

ಗಿಟ್‌ಹಬ್ ಪೇಜಸ್‌ಗೆ (ಉಚಿತವಾಗಿ ಸೈಟ್ ಇಡೋ ಜಾಗ) ಹಾಕಿ ನೋಡಿದೆ. ಫೋನಲ್ಲಿ ಚಿತ್ರ ತೆರೆಯೋಕೆ ತುಂಬಾ ಹೊತ್ತು ಹಿಡಿಯುತ್ತೆ. ಐಪ್ಯಾಡ್‌ನಲ್ಲಿ ಹೊಳೆಯೋ ಬಣ್ಣ ಸೈಟ್‌ನಲ್ಲಿ ಸಪ್ಪೆ. ಕೆಲವು ಚಿತ್ರ ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಬರುತ್ತೆ, ಅಪ್‌ಲೋಡ್ ಮಾಡಿದ ಮೇಲೆ ಬರೋದೇ ಇಲ್ಲ. ಎಷ್ಟು ಕೆಲಸ ಇಟ್ಟುಕೊಳ್ಳಬೇಕು? ಎರಡು ಗುರಿಗೂ ಒಂದೇ ಸೈಟ್ ಸಾಕಾ? ಬೆಹ್ಯಾನ್ಸ್, ಆರ್ಟ್‌ಸ್ಟೇಷನ್ ಥರ ಕಲಾವಿದರು ಕೆಲಸ ತೋರಿಸೋ ಸೈಟ್‌ಗಳು ಇರುವಾಗ ಸ್ವಂತ ಸೈಟ್ ಬೇಕೇ ಬೇಕಾ? ತಿಳಿದವರು ಹೇಳಿ.

ಗೆರೆಗಾರ:

ಮೊದಲು ಕತ್ತರಿ ಹಿಡಿಯಿರಿ. 40ರಲ್ಲಿ 10, ಹೆಚ್ಚೆಂದರೆ 12 ಉಳಿಯಲಿ. ಸ್ಟುಡಿಯೊದ ಆರ್ಟ್ ಲೀಡ್ ಮುಂದೆ ಒಂದು ಹುದ್ದೆಗೆ ರಾಶಿ ಲಿಂಕ್‌ಗಳಿರುತ್ತವೆ. ನಿಮ್ಮದಕ್ಕೆ ಸಿಗೋದು ಒಂದೆರಡು ನಿಮಿಷ. ಅಷ್ಟರಲ್ಲಿ ಅವರ ಕಣ್ಣು ಹುಡುಕುವುದು ಸೋತ ಚಿತ್ರವನ್ನ. ಇಷ್ಟು ಚೆನ್ನಾಗಿ ಬಿಡಿಸೋರು ಆ ವಕ್ರ ಕೈಯನ್ನೂ ಸರಿ ಅಂದುಕೊಂಡರಾ ಅನ್ನೋ ಅನುಮಾನ ಒಂದು ಸಲ ಬಂದರೆ, ಪಕ್ಕದ ಒಳ್ಳೆ ಚಿತ್ರದ ಬೆಲೆಯೂ ಇಳಿಯುತ್ತೆ.

ಆರಿಸೋಕೆ ಹೀಗೆ ಮಾಡಿ: 40ನ್ನೂ 200 ಪಿಕ್ಸೆಲ್ ಅಗಲಕ್ಕೆ ಇಳಿಸಿ ಒಂದೇ ಹಾಳೆ ಮೇಲೆ ಜೋಡಿಸಿ. ಆ ಅಳತೆಯಲ್ಲಿ ಏನು ಚಿತ್ರ ಅಂತ ತಿಳಿಯದೇ ಹೋದವನ್ನು ತೆಗೆಯಿರಿ. ಹಾಳೆಯನ್ನ ಕಪ್ಪು-ಬಿಳುಪು ಮಾಡಿ ಮತ್ತೆ ನೋಡಿ. ಬಣ್ಣ ಹೋದ ಕೂಡಲೇ ಪಾತ್ರ ಹಿನ್ನೆಲೆಯಲ್ಲಿ ಕರಗಿಹೋದರೆ ವ್ಯಾಲ್ಯೂ (ಬೆಳಕು-ಕತ್ತಲೆಯ ಅಂತರ) ಕೈಕೊಟ್ಟಿದೆ, ಅದನ್ನೂ ತೆಗೆಯಿರಿ. ಟ್ಯುಟೋರಿಯಲ್ ನೋಡಿ ಮಾಡಿದ್ದು ಯಾವುದೂ ಬೇಡ. ಬ್ಲೆಂಡರ್ ಕಲಿಯೋರು ಮೊದಲು ಮಾಡೋ ಡೋನಟ್ ಇದ್ದರೆ ಅದು ಎಲ್ಲರ ಹತ್ತಿರವೂ ಇದೆ. ಫ್ಯಾನ್ ಆರ್ಟ್ ಒಂದು ಸಾಕು, ಅದೂ ಆ ಸ್ಟುಡಿಯೊದ ಶೈಲಿಗೆ ಹೊಂದಿದರೆ ಮಾತ್ರ.

ಇನ್ನು ಮುಖ್ಯವಾದದ್ದು. ವಿದ್ಯಾರ್ಥಿಗಳ ಕಾನ್ಸೆಪ್ಟ್ ಆರ್ಟ್ ಪೋರ್ಟ್‌ಫೋಲಿಯೊ ತುಂಬಾ ಪೂರ್ತಿ ಫಿನಿಶ್ ಮಾಡಿದ, ನಾಟಕೀಯ ಬೆಳಕಿನ ಪೋಸ್ಟರ್ ಥರದ ಚಿತ್ರಗಳೇ ಇರುತ್ತವೆ. ಕೆಲಸಕ್ಕೆ ತೆಗೆದುಕೊಳ್ಳೋರಿಗೆ ಬೇಕಾದ್ದು, ನಿಮ್ಮ ಚಿತ್ರ ಇಟ್ಟುಕೊಂಡು ಮಾಡೆಲರ್ ಯಾವ ಪ್ರಶ್ನೆಯೂ ಕೇಳದೆ ಮಾಡೆಲ್ ಮಾಡಬಲ್ಲರಾ ಅನ್ನೋದು. ಒಂದು ಎತ್ತಿನ ಗಾಡಿ ತಗೊಳ್ಳಿ. ಒಂದು ಹಾಳೆಯಲ್ಲಿ 15–20 ಕಪ್ಪು ಸಿಲೂಯೆಟ್ (ಬರೀ ಹೊರ ಆಕಾರ). ಅದರಲ್ಲಿ ಆರಿಸಿದ ಮೂರು ರೂಪ. ಆಮೇಲೆ ಒಂದೇ ವಿನ್ಯಾಸದ ಮುಂದಿನ, ಪಕ್ಕದ, ಹಿಂದಿನ ಮತ್ತು ಮುಕ್ಕಾಲು ನೋಟ, ಪಕ್ಕದಲ್ಲಿ ಅಳತೆಗೆ ಒಬ್ಬ ಮನುಷ್ಯ. ಗಾಲಿಯ ಕಬ್ಬಿಣದ ಪಟ್ಟಿ ಮರಕ್ಕೆ ಹೇಗೆ ಕೂತಿದೆ, ಕಡೆಗೀಲು ಅಚ್ಚಿನ ತುದಿಯಲ್ಲಿ ಎಲ್ಲಿ ತೂರುತ್ತೆ, ನೊಗ ಮೂಕಿಗೆ ಯಾವ ಹಗ್ಗದಲ್ಲಿ ಬಿಗಿದಿದೆ — ಇವಕ್ಕೆ ಬೇರೆ ಬೇರೆ ಸಣ್ಣ ಚಿತ್ರ, ಬಾಣದ ಗುರುತು, ಎರಡೆರಡು ಪದದ ಟಿಪ್ಪಣಿ. ಮುರಿದ ಗಾಡಿಯ ರೂಪ ಒಂದು. ಇಂಥ ಎರಡು ಪ್ರಾಪ್ (ವಸ್ತು) ಹಾಳೆ, ಮೂರು ಪಾತ್ರ, ಎರಡು ಮೂರು ಪರಿಸರ ಇದ್ದರೆ ಇಂಟರ್ನ್‌ಶಿಪ್ ಅರ್ಜಿಗೆ ಬೇಕಾದಷ್ಟಾಯ್ತು.

ಮಕ್ಕಳ ಪುಸ್ತಕದ ಸಂಪಾದಕರ ಕಣ್ಣೇ ಬೇರೆ. ಒಂದೇ ಮಗು ನಾಲ್ಕೈದು ಪುಟದಲ್ಲಿ, ಬೇರೆ ಬೇರೆ ಭಂಗಿಯಲ್ಲಿ ಅದೇ ಮಗುವಾಗಿ ಕಾಣ್ತದಾ, ಮಾತು ಕೂರಿಸೋಕೆ ಜಾಗ ಬಿಟ್ಟಿದ್ದೀರಾ, ಎರಡು ಪುಟದ ನಡುವಿನ ಮಡಿಕೆಯಲ್ಲಿ ಮುಖ ಸಿಕ್ಕಿಹಾಕಿಕೊಂಡಿಲ್ಲವಾ ಅಂತ ನೋಡ್ತಾರೆ. ಯಾವುದಾದರೂ ಒಂದು ಅಜ್ಜಿ ಕಥೆಯಿಂದ ಒಂದರ ಹಿಂದೆ ಒಂದು ಬರುವ ಮೂರು ಜೋಡಿಪುಟ ಮಾಡಿ. ಸೈಟ್ ಒಂದೇ ಇರಲಿ, ಪುಟ ಎರಡಿರಲಿ, ಎರಡಕ್ಕೂ ಬೇರೆ ವಿಳಾಸ. ಸ್ಟುಡಿಯೊಗೆ ಕಳಿಸುವಾಗ ನೇರ ಕಾನ್ಸೆಪ್ಟ್ ಪುಟದ ಲಿಂಕ್, ಪ್ರಕಾಶಕರಿಗೆ ಪುಸ್ತಕದ ಪುಟದ ಲಿಂಕ್.

ಮುಖಪುಟದಲ್ಲಿ ಹೆಸರು, "2ಡಿ ಕಾನ್ಸೆಪ್ಟ್ ಆರ್ಟಿಸ್ಟ್" ಅನ್ನೋ ಒಂದು ಸಾಲು, ಊರು, ಅದರ ಕೆಳಗೆ ತಕ್ಷಣ ಚಿತ್ರಗಳು. ಸ್ವಾಗತ ಅನಿಮೇಷನ್, ಹಿನ್ನೆಲೆ ಸಂಗೀತ ಯಾವುದೂ ಬೇಡ. ಥಂಬ್‌ನೇಲ್‌ಗೆ ಪೂರ್ತಿ ಚಿತ್ರ ಕುಗ್ಗಿಸಬೇಡಿ. ಮುಖ ಅಥವಾ ಮುಖ್ಯ ಆಕಾರದ ಸುತ್ತ ಕತ್ತರಿಸಿ, ಎಲ್ಲವೂ ಚೌಕ ಅಥವಾ ಎಲ್ಲವೂ 4:5. ಪ್ರತಿ ಕೆಲಸದ ಕೆಳಗೆ ಹೆಸರು, ವರ್ಷ, ಬಳಸಿದ ಸಾಫ್ಟ್‌ವೇರ್, ಗುಂಪಿನ ಕೆಲಸವಾದರೆ ನಿಮ್ಮ ಪಾಲು ಯಾವುದು ಅಂತ ಒಂದು ಸಾಲು. "ಅಂತರಂಗದ ತಳಮಳಗಳ ಅಭಿವ್ಯಕ್ತಿ" ಥರದ ಪ್ಯಾರಾ ಕಾಲೇಜಿನ ಜ್ಯೂರಿಗೆ ಇರಲಿ.

ಇಮೇಲನ್ನ ಬಟನ್ ಹಿಂದೆ ಮುಚ್ಚಿಡದೆ ಅಕ್ಷರದಲ್ಲೇ ಬರೆಯಿರಿ. ಮೇಲ್ ಆ್ಯಪ್ ಹೊಂದಿಸದ ಕಂಪ್ಯೂಟರ್‌ನಲ್ಲಿ ಆ ಬಟನ್ ಒತ್ತಿದರೆ ಏನೂ ಆಗಲ್ಲ. ರೆಸ್ಯೂಮೆ ಪಿಡಿಎಫ್ ಹಾಕ್ತೀರಿ ಅಂದರೆ ಮನೆ ವಿಳಾಸ, ಹುಟ್ಟಿದ ದಿನಾಂಕ ತೆಗೆದು ಹಾಕಿ. ಅದನ್ನ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಬಣ್ಣದಂಗಡಿ:

ಬಣ್ಣದ ವಿಷಯ ನಾನು ಹೇಳ್ತೀನಿ. ಪ್ರೊಕ್ರಿಯೇಟ್‌ನಲ್ಲಿ ಕ್ಯಾನ್ವಾಸ್ ತೆಗೆಯುವಾಗ ಡಿಸ್‌ಪ್ಲೇ ಪಿ3 ಪ್ರೊಫೈಲ್ ಇದ್ದಿರಬೇಕು. ಪ್ರೊಫೈಲ್ ಅಂದರೆ ಫೈಲ್‌ನ ಅಂಕಿ ಯಾವ ಬಣ್ಣ ಅಂತ ಹೇಳೋ ಚೀಟಿ. ಪಿ3ಯಲ್ಲಿ ವೆಬ್‌ನ ಸಾಮಾನ್ಯ ಪ್ರೊಫೈಲ್ ಎಸ್‌ಆರ್‌ಜಿಬಿಗಿಂತ ಗಾಢವಾದ ಕೆಂಪು, ಹಸಿರು ಸಿಗುತ್ತೆ. ಆಮೇಲೆ ಎಲ್ಲೋ ಒಂದು ಕಡೆ, ಬಹುಶಃ ಸೈಜ್ ಇಳಿಸೋ ಟೂಲ್‌ನಲ್ಲಿ, ಫೈಲ್ ಒಳಗಿದ್ದ ಪ್ರೊಫೈಲ್ ಉದುರಿಹೋಗಿದೆ. ಪ್ರೊಫೈಲ್ ಇಲ್ಲದ ಚಿತ್ರವನ್ನ ಬ್ರೌಸರ್ ಎಸ್‌ಆರ್‌ಜಿಬಿ ಅಂತಲೇ ಓದುತ್ತೆ. ಅಂಕಿಗಳು ಪಿ3ಯವು, ಓದಿದ್ದು ಎಸ್‌ಆರ್‌ಜಿಬಿ ಅಂತ; ಅದಕ್ಕೇ ಸಪ್ಪೆ.

ಪರಿಹಾರ: ಮೂಲ ಫೈಲ್ ತೆರೆದು ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ. ಫೋಟೊಶಾಪ್‌ನಲ್ಲಿ ಎಡಿಟ್ ಮೆನುವಿನಲ್ಲಿ ಅಸೈನ್ ಪ್ರೊಫೈಲ್, ಕನ್ವರ್ಟ್ ಟು ಪ್ರೊಫೈಲ್ ಅಂತ ಎರಡು ಪಕ್ಕಪಕ್ಕ ಇರುತ್ತೆ. ಅಸೈನ್ ಅಂಕಿ ಹಾಗೇ ಬಿಟ್ಟು ಬರೀ ಚೀಟಿ ಬದಲಿಸುತ್ತೆ, ಬಣ್ಣ ಕೆಡುತ್ತೆ. ನಿಮಗೆ ಬೇಕಾದ್ದು ಕನ್ವರ್ಟ್. ಕ್ರಿಟಾದಲ್ಲಿ ಇಮೇಜ್ ಮೆನುವಿನ ಕನ್ವರ್ಟ್ ಇಮೇಜ್ ಕಲರ್ ಸ್ಪೇಸ್. ಎಕ್ಸ್‌ಪೋರ್ಟ್ ಮಾಡುವಾಗ ಪ್ರೊಫೈಲ್ ಎಂಬೆಡ್ ಮಾಡೋ ಟಿಕ್ ಹಾಕಿ. ಪ್ರಿಂಟಿಗೆ ಅಂತ ಸಿಎಂವೈಕೆ ಮಾಡಿದ ಜೆಪೆಗ್ ಇದ್ದರೆ ಸೈಟ್‌ಗೆ ಹಾಕಲೇಬೇಡಿ.

ಅಳತೆ: ದೊಡ್ಡ ಚಿತ್ರದ ಉದ್ದನೆಯ ಬದಿ 2000 ಪಿಕ್ಸೆಲ್, ಥಂಬ್‌ನೇಲ್ 600. 300 ಡಿಪಿಐ, 72 ಡಿಪಿಐ ಅನ್ನೋ ಚರ್ಚೆ ಪರದೆಗೆ ಸಂಬಂಧವೇ ಇಲ್ಲ, ಪಿಕ್ಸೆಲ್ ಲೆಕ್ಕ ಮಾತ್ರ. ಸ್ಕ್ವೂಶ್ ಅಂತ ಬ್ರೌಸರ್‌ನಲ್ಲೇ ನಡೆಯೋ ಉಚಿತ ಟೂಲ್ ಇದೆ, ಅದರಲ್ಲಿ ವೆಬ್‌ಪಿ (ವೆಬ್‌ಗೆ ಅಂತಲೇ ಇರೋ ಚಿತ್ರದ ಫಾರ್ಮ್ಯಾಟ್) ಗುಣಮಟ್ಟ 80ಕ್ಕೆ ಇಟ್ಟು ನೋಡಿ. 2000 ಪಿಕ್ಸೆಲ್ ಪೇಂಟಿಂಗ್ ಸಾಮಾನ್ಯವಾಗಿ 200–400 ಕೆಬಿಗೆ ಬರುತ್ತೆ, ಥಂಬ್‌ನೇಲ್ 40–60ಕ್ಕೆ. 12 ಥಂಬ್‌ನೇಲ್ ಇರೋ ಮುಖಪುಟ 1 ಎಂಬಿ ಒಳಗೇ ಮುಗಿಯುತ್ತೆ. ಪಿಕ್ಸೆಲ್ ಆರ್ಟ್‌ಗೆ ಈ ಲೆಕ್ಕ ಬೇಡ: ನಿಯರೆಸ್ಟ್ ನೇಬರ್ ವಿಧಾನದಲ್ಲಿ ಸರಿಯಾಗಿ 3 ಪಟ್ಟೋ 4 ಪಟ್ಟೋ ಹಿಗ್ಗಿಸಿ ಪಿಎನ್‌ಜಿಯಾಗಿಯೇ ಇಡಿ. ಎರಡೂವರೆ ಪಟ್ಟು ಮಾಡಿದರೆ ಒಂದು ಚೌಕ ದಪ್ಪ, ಪಕ್ಕದ್ದು ಸಣ್ಣ ಆಗುತ್ತೆ.

ಚಿತ್ರದ ಅಗಲ-ಎತ್ತರವನ್ನ ಎಚ್‌ಟಿಎಂಎಲ್‌ನಲ್ಲೇ ಬರೆದಿಡಿ. ಇಲ್ಲದಿದ್ದರೆ ಒಂದೊಂದು ಚಿತ್ರ ಬಂದಾಗಲೂ ಪುಟ ಕೆಳಕ್ಕೆ ಜಿಗಿಯುತ್ತೆ, ಜನ ಒತ್ತೋಕೆ ಹೋಗಿದ್ದು ಒಂದು, ಒತ್ತಿದ್ದು ಇನ್ನೊಂದು. ಲೇಜಿ ಲೋಡಿಂಗನ್ನ (ಸ್ಕ್ರಾಲ್ ಮಾಡಿ ಹತ್ತಿರ ಬಂದಾಗ ಮಾತ್ರ ಚಿತ್ರ ತರೋದು) ಕೆಳಗಿನ ಚಿತ್ರಗಳಿಗೆ ಮಾತ್ರ ಹಾಕಿ. ಮೊದಲ ಪರದೆಯ ಚಿತ್ರಕ್ಕೂ ಹಾಕಿದರೆ ಅದೇ ತಡವಾಗಿ ಬರುತ್ತೆ.

ಹಿನ್ನೆಲೆ ಬಣ್ಣ ಬೂದು ಅಥವಾ ಬಿಳಿ. ಕಪ್ಪು ಬೇಕೇ ಬೇಕು ಅಂದರೆ ಆರ್‌ಜಿಬಿ 32, 32, 32ರ ಆಸುಪಾಸು.

ಗೆರೆಗಾರ:

@ಬಣ್ಣದಂಗಡಿ ಬಿಳಿಗೆ ನನ್ನ ಒಪ್ಪಿಗೆ ಇಲ್ಲ. ರಾತ್ರಿ ದೃಶ್ಯಗಳು ಹೆಚ್ಚಿರೋ ಪೋರ್ಟ್‌ಫೋಲಿಯೊದಲ್ಲಿ ಬಿಳಿ ಪುಟ ಇಟ್ಟರೆ ಕಣ್ಣು ಆ ಬೆಳಕಿಗೆ ಹೊಂದಿಕೊಂಡು ಚಿತ್ರದ ಕತ್ತಲೆ ಭಾಗದ ವಿವರ ಪೂರ್ತಿ ಮುಳುಗಿಹೋಗುತ್ತೆ. ಕಾನ್ಸೆಪ್ಟ್ ಪುಟಕ್ಕೆ ಗಾಢ ಬೂದು, ಮಕ್ಕಳ ಪುಸ್ತಕದ ಪುಟಕ್ಕೆ ಬಿಳಿ ಅಂತ ಬೇರೆ ಮಾಡಲಿ.

ಬಣ್ಣದಂಗಡಿ:

ಅದೂ ಸರಿ. ಬಣ್ಣದ ಹಿನ್ನೆಲೆ ಮಾತ್ರ ಎರಡು ಕಡೆಯೂ ಬೇಡ. ನೀಲಿ ಪುಟದ ಮೇಲೆ ಇಟ್ಟ ಚರ್ಮದ ಬಣ್ಣ ಕಿತ್ತಳೆಗೆ ತಿರುಗಿದ ಹಾಗೆ ಕಾಣುತ್ತೆ.

ನೀಲಿಪದರ:

ಇಬ್ಬರಿಗೂ ಧನ್ಯವಾದ. ಕನ್ವರ್ಟ್ ಮಾಡಿದೆ, ಬಣ್ಣ ಬಂತು. ಹೊಸ ತೊಂದರೆ: ರಾತ್ರಿ ಜಾತ್ರೆಯ ಚಿತ್ರದಲ್ಲಿ ಕಪ್ಪಿನ ಮೇಲಿರೋ ಸಣ್ಣ ಕೆಂಪು ಗೆರೆಗಳು ವೆಬ್‌ಪಿ ಮಾಡಿದ ಮೇಲೆ ಕಲಸಿದ ಹಾಗಾಗಿವೆ, ಗುಣಮಟ್ಟ 95ಕ್ಕೆ ಏರಿಸಿದರೂ ಹೋಗ್ತಿಲ್ಲ. ಆಕಾಶದಲ್ಲಿ ಪಟ್ಟೆ ಪಟ್ಟೆ ಬೇರೆ.

ಬಣ್ಣದಂಗಡಿ:

ಗುಣಮಟ್ಟ ಏರಿಸಿದರೆ ಹೋಗಲ್ಲ, ಯಾಕಂದರೆ ಕಾರಣ ಬೇರೆ. ವಿವರ ಸ್ವಲ್ಪ ಬಿಟ್ಟು ಸೈಜ್ ಇಳಿಸೋ (ಲಾಸಿ) ವೆಬ್‌ಪಿ ಯಾವಾಗಲೂ ಬಣ್ಣದ ಮಾಹಿತಿಯನ್ನ 4:2:0 ಪ್ರಮಾಣದಲ್ಲಿ ಇಡುತ್ತೆ. ಬೆಳಕು-ಕತ್ತಲೆ ಪ್ರತಿ ಪಿಕ್ಸೆಲ್‌ಗೂ ಬೇರೆ, ಬಣ್ಣ ಮಾತ್ರ 2×2 ಪಿಕ್ಸೆಲ್‌ಗೆ ಒಂದೇ. ಕಪ್ಪಿನ ಮೇಲಿನ ಕೆಂಪು ಗೆರೆಯಲ್ಲಿ ಬೆಳಕಿನ ವ್ಯತ್ಯಾಸ ಕಮ್ಮಿ, ಬಣ್ಣದ ವ್ಯತ್ಯಾಸವೇ ಹೆಚ್ಚು. ಆದ್ದರಿಂದ ಒಂದು ಪಿಕ್ಸೆಲ್ ಗೆರೆ ಅಕ್ಕಪಕ್ಕಕ್ಕೆ ಹರಡುತ್ತೆ. ಆ ಒಂದು ಚಿತ್ರವನ್ನ ಜೆಪೆಗ್ ಮಾಡಿ, ಕ್ರೋಮಾ ಸಬ್‌ಸ್ಯಾಂಪ್ಲಿಂಗ್ 4:4:4 ಇಡಿ, ಅಂದರೆ ಪ್ರತಿ ಪಿಕ್ಸೆಲ್‌ಗೂ ಬೇರೆ ಬಣ್ಣ. ಸ್ಕ್ವೂಶ್‌ನ ಮೋಜ್‌ಜೆಪೆಗ್‌ನಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಸಬ್‌ಸ್ಯಾಂಪ್ಲಿಂಗ್‌ನ ಆಟೊ ತೆಗೆದು 1 ಮಾಡಿ. ಫೈಲ್ ಸ್ವಲ್ಪ ದಪ್ಪ ಆಗುತ್ತೆ, ಆಗಲಿ.

ಆಕಾಶದ ಪಟ್ಟೆಗೆ: 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಕಡುನೀಲಿಯಿಂದ ಕಪ್ಪಿಗೆ ಹೋಗುವಾಗ ಅದರಲ್ಲಿ ಇಪ್ಪತ್ತೋ ಮೂವತ್ತೋ ಬಳಕೆಯಾಗುತ್ತೆ, 2000 ಪಿಕ್ಸೆಲ್ ಉದ್ದಕ್ಕೆ ಹರಡಿದರೆ ಒಂದೊಂದು ಮೆಟ್ಟಿಲೂ ಕಣ್ಣಿಗೆ ಬೀಳುತ್ತೆ. ಸೈಜ್ ಇಳಿಸಿದ ಮೇಲೆ, ಎಕ್ಸ್‌ಪೋರ್ಟ್‌ಗೆ ಮುಂಚೆ, ಆಕಾಶಕ್ಕೆ ಮಾತ್ರ 1ರಿಂದ 2 ಶೇಕಡಾ ನಾಯ್ಸ್ (ಸಣ್ಣ ಕಾಳುಕಾಳು) ಹಾಕಿ. ಸೈಜ್ ಇಳಿಸೋ ಮುಂಚೆ ಹಾಕಿದರೆ ಇಳಿಸುವಾಗ ಅದು ಸವೆದುಹೋಗುತ್ತೆ.

ತಂತಿಮನೆ:

ಅಪ್‌ಲೋಡ್ ಆದ ಮೇಲೆ ಚಿತ್ರ ಕಾಣೆಯಾಗೋದು ದೊಡ್ಡಕ್ಷರ-ಸಣ್ಣಕ್ಷರದ ಗಲಾಟೆ. ಕ್ಯಾಮೆರಾ, ಕೆಲವು ಫೋನ್‌ಗಳು ಫೈಲ್ ಹೆಸರಿನ ಕೊನೆಗೆ ಜೆಪಿಜಿ ಅನ್ನೋದನ್ನ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಯುತ್ತವೆ, ನೀವು ಕೋಡ್‌ನಲ್ಲಿ ಸಣ್ಣಕ್ಷರದಲ್ಲಿ ಬರೆದಿರ್ತೀರಿ. ವಿಂಡೋಸ್‌ಗೆ ಎರಡೂ ಒಂದೇ, ಗಿಟ್‌ಹಬ್ ಪೇಜಸ್‌ಗೆ ಎರಡೂ ಬೇರೆ. ಎಲ್ಲಾ ಹೆಸರನ್ನೂ ಸಣ್ಣಕ್ಷರದಲ್ಲಿ, ಖಾಲಿ ಜಾಗ ಬಿಡದೆ, ನಡುವೆ ಅಡ್ಡಗೆರೆ (ಹೈಫನ್) ಹಾಕಿ ಬರೆಯಿರಿ. ಇಲ್ಲೊಂದು ತಿರುವು ಇದೆ: ಬರೀ ಅಕ್ಷರದ ಗಾತ್ರ ಬದಲಿಸಿದರೆ ವಿಂಡೋಸ್‌ನಲ್ಲಿ ಗಿಟ್‌ಗೆ (ಫೈಲ್ ಬದಲಾವಣೆಯ ಲೆಕ್ಕ ಇಡೋ ಟೂಲ್) ಅದು ಗೊತ್ತೇ ಆಗದೆ ಹೋಗಬಹುದು. ಮೊದಲು ಬೇರೆ ಹೆಸರಿಟ್ಟು ಕಮಿಟ್ ಮಾಡಿ (ಬದಲಾವಣೆ ದಾಖಲಿಸಿ), ಆಮೇಲೆ ಬೇಕಾದ ಹೆಸರಿಟ್ಟು ಇನ್ನೊಂದು ಕಮಿಟ್ ಮಾಡಿ. ಅಡಿಗೆರೆಯಿಂದ (ಅಂಡರ್‌ಸ್ಕೋರ್) ಶುರುವಾಗೋ ಫೋಲ್ಡರ್ ಕೂಡ ಕಾಣಲ್ಲ, ಪೇಜಸ್‌ನಲ್ಲಿ ಸೈಟ್ ಕಟ್ಟೋ ಜೆಕಿಲ್ ಅದನ್ನ ಬಿಟ್ಟುಬಿಡುತ್ತೆ.

ಗಿಟ್‌ಹಬ್ ಪೇಜಸ್ ಮಿತಿ: ಸೈಟ್ 1 ಜಿಬಿ, ಒಂದು ಫೈಲ್ 100 ಎಂಬಿ ಮೀರಬಾರದು. ನೀವು ಮೂಲ ಪಿಎನ್‌ಜಿಗಳನ್ನೇ ಹಾಕಿ ಅಂಚಿಗೆ ಬಂದಿದ್ದೀರಿ. ಅದಕ್ಕಿಂತ ಗಂಭೀರ ವಿಷಯ, ಉಚಿತ ಖಾತೆಯಲ್ಲಿ ಪೇಜಸ್ ನಡೆಯಬೇಕಾದರೆ ರೆಪೊ (ಸೈಟ್‌ನ ಫೈಲ್‌ಗಳಿರೋ ಜಾಗ) ಪಬ್ಲಿಕ್ ಆಗಿರಬೇಕು. ನೀವು ಹಾಕಿದ 6000 ಪಿಕ್ಸೆಲ್ ಮೂಲ ಚಿತ್ರಗಳು ಯಾರಿಗೆ ಬೇಕಾದರೂ ಸಿಗುತ್ತವೆ. ಈಗ ಡಿಲೀಟ್ ಮಾಡಿದರೂ ಹಳೇ ಕಮಿಟ್‌ಗಳಲ್ಲಿ ಉಳಿದಿರುತ್ತವೆ. ಆ ರೆಪೊವನ್ನೇ ಅಳಿಸಿ, ಇಳಿಸಿದ ಚಿತ್ರಗಳಷ್ಟೇ ಇರೋ ಹೊಸ ರೆಪೊ ಶುರು ಮಾಡೋದು ಸುಲಭದ ದಾರಿ. ಸ್ಕೆಚ್‌ಬುಕ್ಕನ್ನ ಫೋನಲ್ಲಿ ಫೋಟೊ ತೆಗೆದಿದ್ದರೆ ಆ ಫೈಲ್ ಒಳಗೆ ಜಿಪಿಎಸ್ ಸ್ಥಳ ಇರಬಹುದು, ಅಂದರೆ ನಿಮ್ಮ ಮನೆ. ಸ್ಕ್ವೂಶ್‌ನಲ್ಲಿ ಮತ್ತೆ ಸೇವ್ ಮಾಡಿದರೆ ಅದು ಹೋಗುತ್ತೆ.

ಸ್ಟುಡಿಯೊ ಪ್ರಾಜೆಕ್ಟ್‌ನಲ್ಲಿ ಮಾಡಿದ ಚಿತ್ರ ಇದ್ದರೆ ಲಿಖಿತ ಒಪ್ಪಿಗೆ ಇಲ್ಲದೆ ಹಾಕಬೇಡಿ. ಪುಟಕ್ಕೆ ಜಾವಾಸ್ಕ್ರಿಪ್ಟ್ ಪಾಸ್‌ವರ್ಡ್ ಇಟ್ಟರೆ ಆಯ್ತು ಅಂದುಕೊಂಡರೆ, ಚಿತ್ರದ ನೇರ ವಿಳಾಸ ಟೈಪ್ ಮಾಡಿದವರಿಗೆ ಅದು ತೆರೆದೇ ಇರುತ್ತೆ. ರೈಟ್ ಕ್ಲಿಕ್ ತಡೆಯೋದೂ ಅಷ್ಟೇ ಉಪಯೋಗ: ಸ್ಕ್ರೀನ್‌ಶಾಟ್ ತೆಗೆಯೋನು ತೆಗೀತಾನೆ, ಲಿಂಕನ್ನ ಹೊಸ ಟ್ಯಾಬಲ್ಲಿ ತೆರೆಯೋಕೆ ಹೋದ ಆರ್ಟ್ ಲೀಡ್‌ಗೆ ಸಿಟ್ಟು ಬರುತ್ತೆ.

ಬೆಹ್ಯಾನ್ಸ್, ಆರ್ಟ್‌ಸ್ಟೇಷನ್ ಎರಡರಲ್ಲೂ ಇರಿ, ಗೇಮ್ ಕಡೆಯವರು ಆರ್ಟ್‌ಸ್ಟೇಷನ್‌ನಲ್ಲೇ ಹುಡುಕೋದು ಹೆಚ್ಚು. ಸ್ವಂತ ಸೈಟ್ ಬೇಕಾಗೋದು ಅರ್ಜಿ ಕಳಿಸುವಾಗ: ಅಲ್ಲಿ ನಿಮ್ಮ ಚಿತ್ರದ ಪಕ್ಕ ಬೇರೆಯವರ ಚಿತ್ರ ಇರಲ್ಲ, ಕ್ರಮ ನಿಮ್ಮದೇ. ಅಡೋಬಿ ಪೋರ್ಟ್‌ಫೋಲಿಯೊ ಕ್ರಿಯೇಟಿವ್ ಕ್ಲೌಡ್ ಚಂದಾ ಜೊತೆ ಬರುತ್ತೆ, ನೋಡೋಕೂ ಚೆನ್ನಾಗಿದೆ. ಆದರೆ ಚಂದಾ ನಿಂತರೆ ಸೈಟೂ ನಿಲ್ಲುತ್ತೆ, ಓದು ಮುಗಿಸಿ ಕೆಲಸ ಹುಡುಕೋ ಹೊತ್ತಲ್ಲೇ. ಡೊಮೈನ್ ಕೊಳ್ಳುವಾಗ ಮೊದಲ ವರ್ಷದ ಆಫರ್ ಬೆಲೆಗೆ ಮರುಳಾಗಬೇಡಿ, ಎರಡನೇ ವರ್ಷದ ನವೀಕರಣ ಎಷ್ಟು ಅಂತ ನೋಡಿ.

ಕೀಫ್ರೇಮ್ ಕೃಷ್ಣೆ:

ಬ್ಲೆಂಡರ್ ಮಾಡೆಲ್ ತೋರಿಸೋಕೆ ಜಿಫ್ ಮಾಡಬೇಡಿ. 256 ಬಣ್ಣ ಮಾತ್ರ, ಮೇಲಾಗಿ ಐದು ಸೆಕೆಂಡಿಗೇ ಹತ್ತಾರು ಎಂಬಿ. ಎಂಪಿ4 ಮಾಡಿ. 24 ಎಫ್‌ಪಿಎಸ್‌ನಲ್ಲಿ 120 ಫ್ರೇಮ್, ಅಂದರೆ 5 ಸೆಕೆಂಡಿನ ಒಂದು ಸುತ್ತು. ಫ್ರೇಮ್ 1ರಲ್ಲಿ 0 ಡಿಗ್ರಿ, ಫ್ರೇಮ್ 121ರಲ್ಲಿ 360 ಡಿಗ್ರಿ ಕೀ (ಆ ಫ್ರೇಮ್‌ನಲ್ಲಿ ಮಾಡೆಲ್ ಎಷ್ಟು ತಿರುಗಿರಬೇಕು ಅನ್ನೋ ಗುರುತು) ಹಾಕಿ, ರೆಂಡರ್ ಮಾತ್ರ 1ರಿಂದ 120. 360 ಡಿಗ್ರಿಯನ್ನ 120ರಲ್ಲೇ ಇಟ್ಟರೆ ಕೊನೆಯದೂ ಮೊದಲನೆಯದೂ ಒಂದೇ ಚಿತ್ರವಾಗಿ ಪ್ರತಿ ಸುತ್ತಿಗೂ ಒಂದು ತೊದಲು. ಕೀಗಳ ನಡುವಿನ ಚಲನೆ, ಅಂದರೆ ಇಂಟರ್‌ಪೊಲೇಷನ್, ಲೀನಿಯರ್ ಮಾಡಿ. ಬ್ಲೆಂಡರ್ ತಾನಾಗಿ ಬೆಝಿಯರ್ ಇಡುತ್ತೆ, ಅದರಲ್ಲಿ ಶುರುವಿನಲ್ಲೂ ಕೊನೆಯಲ್ಲೂ ನಿಧಾನವಾಗಿ ತಿರುಗುತ್ತೆ.

ವಿಡಿಯೊ ಕೊಡೆಕ್ ಎಚ್.264, ಪಿಕ್ಸೆಲ್ ಫಾರ್ಮ್ಯಾಟ್ ವೈಯುವಿ420ಪಿ, ಗುಣಮಟ್ಟದ ಅಂಕಿ ಸಿಆರ್‌ಎಫ್ 20ರಿಂದ 23. ಪಿಕ್ಸೆಲ್ ಫಾರ್ಮ್ಯಾಟ್ ಮರೆತರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿದ ವಿಡಿಯೊ ಐಫೋನಲ್ಲಿ ಓಡದೆ ಹೋಗಬಹುದು. ಅಗಲ-ಎತ್ತರ ಎರಡೂ ಸಮಸಂಖ್ಯೆ ಇರಲಿ. ವಿಡಿಯೊ ಬದಲಿಸೋಕೆ ಎಫ್‌ಎಫ್‌ಎಂಪೆಗ್ ಬಳಸಿದರೆ ಅದರಲ್ಲಿ ಫಾಸ್ಟ್‌ಸ್ಟಾರ್ಟ್ ಆಯ್ಕೆ ಹಾಕಿ, ಆಗ ಪೂರ್ತಿ ಇಳಿಯೋವರೆಗೆ ಕಾಯದೆ ಶುರುವಾಗುತ್ತೆ. ಹ್ಯಾಂಡ್‌ಬ್ರೇಕ್‌ನಲ್ಲಾದರೆ ವೆಬ್ ಆಪ್ಟಿಮೈಸ್ಡ್ ಅನ್ನೋ ಟಿಕ್. ಪುಟದಲ್ಲಿ ಆಟೊಪ್ಲೇ ಜೊತೆ ಮ್ಯೂಟೆಡ್, ಪ್ಲೇಸ್‌ಇನ್‌ಲೈನ್ ಎರಡೂ ಇರಲೇಬೇಕು, ಇಲ್ಲಾಂದರೆ ಐಫೋನ್ ತಾನಾಗಿ ಓಡಿಸಲ್ಲ. ಮಾಡೆಲ್ ಪಕ್ಕದಲ್ಲಿ ವೈರ್‌ಫ್ರೇಮ್ (ಮಾಡೆಲ್‌ನ ಗೆರೆಜಾಲ) ಒಂದು ಚಿತ್ರ, ತ್ರಿಕೋನಗಳ ಸಂಖ್ಯೆ ಒಂದು ಸಾಲು. ಗೇಮ್‌ನವರು ಮೊದಲು ಕೇಳೋದೇ ಅದು.

ಒತ್ತಕ್ಷರ:

ಕನ್ನಡ ಪೋಸ್ಟರ್ ಬಗ್ಗೆ ಯಾರೂ ಹೇಳಲಿಲ್ಲ. ಹಾಕೋ ಮುಂಚೆ ಒಂದೊಂದು ಅಕ್ಷರ ಜೂಮ್ ಮಾಡಿ ಓದಿ. "ಸ್ವಾತಂತ್ರ್ಯ" ಅಂತ ಬರೆದದ್ದರಲ್ಲಿ ಒತ್ತುಗಳು ಕೆಳಗೆ ಇಳಿಯದೆ ತಲೆ ಮೇಲೆ ಕೊಂಬು ಹೊತ್ತು ಸಾಲಾಗಿ ನಿಂತಿದ್ದರೆ, ಫೋಟೊಶಾಪ್‌ನ ಟೈಪ್ ಎಂಜಿನ್ ಲ್ಯಾಟಿನ್‌ಗೆ ಇದೆ ಅಂತ ಅರ್ಥ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಅಥವಾ ಹೊಸ ಆವೃತ್ತಿಯಾದರೆ ವರ್ಲ್ಡ್-ರೆಡಿ ಆರಿಸಿ, ಹೊಸ ಫೈಲ್‌ನಲ್ಲಿ ಮತ್ತೆ ಟೈಪ್ ಮಾಡಿ. ಅದೂ ಬೇಡ ಅಂದರೆ ಇಂಕ್‌ಸ್ಕೇಪ್‌ನಲ್ಲಿ ಬರೆದು ಪಾತ್ ಮಾಡಿ (ಅಕ್ಷರವನ್ನ ಆಕಾರವಾಗಿ ಬದಲಿಸಿ) ತನ್ನಿ, ಅಲ್ಲಿ ಒತ್ತು ಸರಿಯಾಗಿ ಕೂರುತ್ತೆ.

ಸೈಟ್‌ನ ಕನ್ನಡ ಬರಹ ಯುನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ, ಬರಹ ಸಾಫ್ಟ್‌ವೇರ್‌ಗಳ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನ ಅಂಟಿಸಿದರೆ ಬೇರೆಯವರ ಫೋನಲ್ಲಿ ಇಂಗ್ಲಿಷ್ ಚಿಹ್ನೆಗಳ ಕಸ ಕಾಣುತ್ತೆ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಶೀರ್ಷಿಕೆಗೆ ಬಾಲೂ ತಮ್ಮ 2 — ಎಲ್ಲಾ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಸಾಲಿನ ಎತ್ತರ 1.6ರಿಂದ 1.8 ಇಡಿ. ಇಂಗ್ಲಿಷಿಗೆ ಸಾಕಾಗೋ 1.3ರಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಲೆಟರ್ ಸ್ಪೇಸಿಂಗ್ ಸೊನ್ನೆ. ಮಕ್ಕಳ ಪುಸ್ತಕದ ಪುಟಕ್ಕೆ ಈ ಎರಡು ಪೋಸ್ಟರ್ ಸೇರಿಸಿ, ಕನ್ನಡ ಅಕ್ಷರವನ್ನ ಕೈಯಿಂದ ಬರೆಯಬಲ್ಲ ಇಲಸ್ಟ್ರೇಟರ್ ಪ್ರಕಾಶಕರಿಗೆ ಸುಲಭಕ್ಕೆ ಸಿಗಲ್ಲ.

ನೀಲಿಪದರ:

ಎಲ್ಲಾ ಮಾಡ್ತಾ ಇದ್ದೀನಿ, 11 ಕೆಲಸಕ್ಕೆ ಇಳಿಸಿದೆ. ಕೊನೇ ಪ್ರಶ್ನೆ. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರೆ ಬೇರೆಯವರ ಸೈಟ್‌ಗೆ ಚಿತ್ರ ಬರುತ್ತೆ, ನಂದಕ್ಕೆ ಬರೀ ವಿಳಾಸ. ಎಐ ಕಂಪನಿಗಳು ಚಿತ್ರ ಎತ್ತಿಕೊಳ್ಳದ ಹಾಗೆ ಏನಾದರೂ ಮಾಡಬಹುದಾ?

ತಂತಿಮನೆ:

ಪ್ರಿವ್ಯೂಗೆ ಓಪನ್ ಗ್ರಾಫ್ ಟ್ಯಾಗ್ (ಲಿಂಕ್ ಜೊತೆ ಏನು ತೋರಿಸಬೇಕು ಅಂತ ಪುಟದ ಕೋಡ್‌ನಲ್ಲಿ ಬರೆಯೋ ಸಾಲುಗಳು) ಬೇಕು: ಶೀರ್ಷಿಕೆ, ವಿವರಣೆ, ಚಿತ್ರ. ಚಿತ್ರ 1200×630, ಜೆಪೆಗ್, 300 ಕೆಬಿ ಒಳಗೆ ಇದ್ದರೆ ಕ್ಷೇಮ. ಟ್ಯಾಗ್‌ನಲ್ಲಿ ಚಿತ್ರದ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗೋ ಪೂರ್ತಿ ವಿಳಾಸ ಆಗಿರಬೇಕು. ಬರೀ ಫೋಲ್ಡರ್ ಹೆಸರು, ಫೈಲ್ ಹೆಸರು ಬರೆದರೆ ಬರಲ್ಲ. ನಿಮ್ಮದರಲ್ಲಿ ಹಾಗೇ ಆಗಿರಬೇಕು. ಸರಿ ಮಾಡಿದ ಮೇಲೂ ವಾಟ್ಸಾಪ್ ಹಳೇದನ್ನೇ ಸ್ವಲ್ಪ ಕಾಲ ನೆನಪಿಟ್ಟುಕೊಂಡಿರುತ್ತೆ. ಪರೀಕ್ಷೆಗೆ ವಿಳಾಸದ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ, ಒಂದು ಅಂಕಿ ಸೇರಿಸಿ ಕಳಿಸಿ, ಹೊಸ ಲಿಂಕ್ ಅಂತ ಮತ್ತೆ ಓದಿಕೊಳ್ಳುತ್ತೆ.

ಎಐ ವಿಷಯಕ್ಕೆ, ಸೈಟ್ ಓದೋಕೆ ಬರೋ ಬಾಟ್‌ಗಳಿಗೆ ಸೂಚನೆ ಕೊಡೋ ರೋಬೋಟ್ಸ್ ಫೈಲ್‌ನಲ್ಲಿ ಜಿಪಿಟಿಬಾಟ್, ಸಿಸಿಬಾಟ್, ಗೂಗಲ್-ಎಕ್ಸ್‌ಟೆಂಡೆಡ್ ಹೆಸರು ಬರೆದು ಬೇಡ ಅನ್ನಬಹುದು. ಅದು ಕೋರಿಕೆ, ಬೀಗ ಅಲ್ಲ. ಕೇಳೋ ಬಾಟ್ ಕೇಳುತ್ತೆ. ಗಿಟ್‌ಹಬ್ ಪೇಜಸ್‌ನಲ್ಲಿ ಆ ಫೈಲ್ ವಿಳಾಸದ ಬುಡದಲ್ಲೇ ಇರಬೇಕು. ನಿಮ್ಮ ಸೈಟ್ ಬಳಕೆದಾರ ಹೆಸರಿನ ಕೆಳಗಿನ ಉಪಫೋಲ್ಡರ್‌ನಲ್ಲಿ ಓಡ್ತಿದ್ದರೆ ಅಲ್ಲಿಟ್ಟ ಫೈಲನ್ನ ಯಾವ ಬಾಟೂ ನೋಡಲ್ಲ. ಆರ್ಟ್‌ಸ್ಟೇಷನ್‌ನಲ್ಲಿ ನೋಎಐ ಟ್ಯಾಗ್ ಇದೆ, ಹಾಕಿ. ಶಿಕಾಗೋ ವಿಶ್ವವಿದ್ಯಾಲಯದವರ ಗ್ಲೇಝ್ ಅನ್ನೋ ಟೂಲ್ ಚಿತ್ರದ ಪಿಕ್ಸೆಲ್‌ಗಳನ್ನೇ ಸ್ವಲ್ಪ ಕದಲಿಸಿ ಶೈಲಿ ನಕಲು ಮಾಡೋದನ್ನ ಕಷ್ಟ ಮಾಡುತ್ತೆ. ಆದರೆ ಮಕ್ಕಳ ಪುಸ್ತಕದ ಥರ ಚಪ್ಪಟೆ ಬಣ್ಣದ ಚಿತ್ರದಲ್ಲಿ ಅದರ ಕಲೆ ಕಣ್ಣಿಗೆ ಕಾಣುತ್ತೆ, ಅಲ್ಲಿ ಕಮ್ಮಿ ತೀವ್ರತೆಯಲ್ಲಿ ಇಟ್ಟು ನೋಡಿ. ಗ್ಲೇಝ್ ಮಾಡೋದಾದರೆ 2000 ಪಿಕ್ಸೆಲ್‌ಗೆ ಇಳಿಸಿದ ಮೇಲೆ ಮಾಡಿ, ಮೂಲಕ್ಕೆ ಮಾಡಬೇಡಿ.